ಮೂವತ್ಮೂರು ಕೋಟಿಗೆ ಹದಿನೇಳು

ಭಾನುವಾರ ಬೆಳಿಗ್ಗೆ ಡೈರಿಯ ಖಾಲಿ ಪುಟದಲ್ಲಿ ಭಾಗಾಕಾರ ಮಾಡಿದೆ. ಶೇಷ ಸೊನ್ನೆ. ಇನ್ನೊಮ್ಮೆ ಮಾಡಿದೆ. ಮತ್ತೆ ಸೊನ್ನೆ.

ಎನ್.ಆರ್. ಕಾಲೋನಿಯ ನಮ್ಮ ಸಂಘ ವರ್ಷಕ್ಕೊಮ್ಮೆ ಶಾಲಾ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆಸುತ್ತದೆ. ಮೊದಲ ಸ್ಥಾನ ಪಡೆದವರಿಗೆ ಒಂದು ವರ್ಷದ ವಿಶೇಷ ತರಬೇತಿ; ಇರುವುದು ಒಂದೇ ಸೀಟು. ಎಂ.ಎಸ್ಸಿ. ಮುಗಿಸಿ ಮನೆಯಲ್ಲೇ ಇದ್ದ ನನಗೆ ಕಾರ್ಯದರ್ಶಿ ದೊರೆಸ್ವಾಮಿ ಮೇಷ್ಟ್ರು ಈ ಸಲ ಪ್ರಶ್ನೆಪತ್ರಿಕೆಯನ್ನೂ ಮೌಲ್ಯಮಾಪನವನ್ನೂ ಒಪ್ಪಿಸಿದ್ದರು.

ಕೊನೆಯ ಪ್ರಶ್ನೆ: 33,33,33,331 ಅವಿಭಾಜ್ಯವೇ? ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ? 31 ಅಂಥದ್ದು. 331, 3331 ಕೂಡ. ಒಂದೊಂದೇ ಮೂರು ಸೇರಿಸುತ್ತ ಹೋದರೆ 3,33,33,331ರವರೆಗೆ ಏಳಕ್ಕೆ ಏಳೂ ಅವಿಭಾಜ್ಯ. ಎಂಟನೆಯದನ್ನು ಮೂರು, ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿ ನೋಡಿ ನಿಲ್ಲಿಸಿದ್ದೆ. ಮುಂದಿನದು ಹದಿನೇಳು. ಆ ಮಗ್ಗಿ ಬಾರದೆ ನಾಲ್ಕನೇ ಕ್ಲಾಸಿನಲ್ಲಿ ಎಲ್ಲರೆದುರು ನಿಂತಿದ್ದೆ. ಇಂದಿಗೂ ಅದನ್ನು ಕಂಡರೆ ದಾಟಿಬಿಡುತ್ತೇನೆ. ಫೋನಿನಲ್ಲಾದರೂ ನೋಡಬಹುದಿತ್ತು. ಏಳು ಸಾಕ್ಷಿಗಳು ಸಾಲಾಗಿ ನಿಂತಿದ್ದವಲ್ಲ!

"ಮೂವತ್ಮೂರು ಕೋಟಿ ದೇವತೆಗಳನ್ನ ಯಾರಮ್ಮ ಭಾಗ ಮಾಡೋಕಾಗುತ್ತೆ? ಭೇಷ್!" ಎಂದು ಮೇಷ್ಟ್ರೂ ನಕ್ಕಿದ್ದರು.

ಮಕ್ಕಳೆಲ್ಲ 'ಹೌದು' ಎಂದು ಬರೆದಿದ್ದರು. ಒಂಬತ್ತನೇ ತರಗತಿಯ ಶರಣ್ಯ ಮಾತ್ರ 'ಅಲ್ಲ. 17' ಎಂದಷ್ಟೇ ಬರೆದಿದ್ದಳು. ಸೊನ್ನೆ ಹಾಕಿದ್ದೆ. ಅದರಿಂದಲೇ ಅವಳು ಎರಡನೆಯವಳಾಗಿ, ಆರಾಧನಾ ಮೊದಲನೆಯವಳಾದಳು. ಮೂರು ದಿನ ಆ ಹದಿನೇಳು ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಹತ್ತು ಗಂಟೆಗೆ ಬಹುಮಾನ ವಿತರಣೆ. ಸಭಾಂಗಣದಲ್ಲಿ ಮೇಷ್ಟ್ರ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಜೋರಾಗಿ ಹೇಳಮ್ಮ ಮೈತ್ರೇಯಿ, ಫ್ಯಾನ್ ಸದ್ದಲ್ಲಿ ಏನೂ ಕೇಳ್ಸಲ್ಲ."

ಹೇಳಿದೆ.

"ಈಗ ಹೇಳ್ತಿದೀಯಾ? ಸರ್ಟಿಫಿಕೇಟ್ ಪ್ರಿಂಟ್ ಆಗಿದೆ. ಆರಾಧನಾ ಮನೆಯವ್ರೆಲ್ಲ ಮುಂದಿನ ಸಾಲಲ್ಲಿ ಕೂತಿದಾರೆ. ಆ ಹುಡುಗಿ ಕಾರಣಾನೇ ಬರ್ದಿಲ್ವಲ್ಲ, ಗೆಸ್ ಇರ್ಬೇಕು. ಸುಮ್ನಿದ್ಬಿಡು."

"ಸರ್, ಹದಿನೇಳೇ ಕಾರಣ."

"ಹಾಗಾದ್ರೆ ನೀನೇ ಸ್ಟೇಜ್ ಹತ್ತಿ ಹೇಳು. ನನ್ ಕೈಲಾಗಲ್ಲ."

ನಾಲ್ಕು ಜನರೆದುರು ಹೆಸರು ಹೇಳಲೂ ತಡವರಿಸುವವಳು ನಾನು. ಮೆಟ್ಟಿಲೇನೋ ಹತ್ತಿದೆ. ಮೈಕಿನ ಕಡೆ ಹೋಗಲಾಗಲಿಲ್ಲ. ಸಭೆಗೆ ಬೆನ್ನು ಹಾಕಿ ಕಪ್ಪುಹಲಗೆಯ ಮೇಲೆ ಆ ಸಂಖ್ಯೆ ಬರೆದೆ, ಪಕ್ಕದಲ್ಲಿ 17.

"ಇದೇನ್ರೀ, ಬಹುಮಾನ ಕೊಡ್ತೀರೋ ಪಾಠ ಮಾಡ್ತೀರೋ?" ಆರಾಧನಾಳ ಅಜ್ಜಿ ಶೈಲಜಮ್ಮನ ದನಿ. ಯಾರೋ ನಕ್ಕರು.

ಮೂವತ್ಮೂರರಲ್ಲಿ ಒಂದು ಸಲ, ಉಳಿದದ್ದು ಹದಿನಾರು. ಮೂರು ಇಳಿಸಿದರೆ ನೂರ ಅರವತ್ಮೂರು. ಹದಿನೇಳೊಂಬತ್ಲ... ಹದಿನೇಳೊಂಬತ್ಲ... ಮತ್ತೆ ನಾಲ್ಕನೇ ಕ್ಲಾಸು. ಬೆಳಿಗ್ಗೆ ಎರಡು ಸಲ ಬಂದದ್ದು ಈಗ ಬರಲಿಲ್ಲ. ಬೆರಳಲ್ಲಿ ಸೀಮೆಸುಣ್ಣ ಮುರಿಯಿತು.

"ನೂರೈವತ್ಮೂರು, ಮಿಸ್." ಹಿಂದಿನ ಸಾಲಿನಿಂದ ತೆಳ್ಳನೆಯ ದನಿ. ಶರಣ್ಯ.

ಅಲ್ಲಿಂದ ಕೈ ಓಡಿತು. ಕೊನೆಗೆ ಐವತ್ತೊಂದು. ಹದಿನೇಳ್ಮೂರ್ಲ ಐವತ್ತೊಂದು. ಸೊನ್ನೆ ಬರೆದು ತಿರುಗಿದೆ.

"ತಪ್ಪು ನಂದು," ಎಂದೆ. "ಮೊದಲ್ನೇ ಬಹುಮಾನ ಶರಣ್ಯಂದು."

ಮುಂದಿನ ಸಾಲಿನಲ್ಲಿ ಆರಾಧನಾ ನಿಧಾನವಾಗಿ ತಲೆ ತಗ್ಗಿಸಿದಳು. ಅದನ್ನು ನೋಡಬೇಕಾಗುತ್ತದೆ ಎಂದೇ ನಾನು ಬೆಳಗಿನಿಂದ ಹೆದರಿದ್ದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಸರ್ಟಿಫಿಕೇಟಿನಲ್ಲಿ ಅಚ್ಚಾಗಿದ್ದ ಅವಳ ಹೆಸರಿನ ಮೇಲೆ ಗೆರೆ ಎಳೆದರು. ಆ ಸದ್ದು ನನಗೆ ವೇದಿಕೆಯ ಮೇಲೂ ಕೇಳಿಸಿತು.