ರೊಟ್ಟಿ ಪ್ರಕರಣದ ಆರು ದನಿಗಳು

ಮಾತು ಬಾರದವರಿಗೆ ಮಾತು ಬರಿಸುವುದು ನನ್ನ ಕೆಲಸ. ಮಾತು ಬರುವವರ ಬಾಯಿ ಮುಚ್ಚಿಸುವ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಮೊದಲ ಪ್ರಯೋಗ ವಿಮಲಾಬಾಯಿಯವರ ಮೇಲೆಯೇ ಆಗುತ್ತಿತ್ತು.

ಸೇಡಂ ರಸ್ತೆಯಲ್ಲಿ ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕ್ಲಿನಿಕ್ಕು. ಬೋರ್ಡಿನಲ್ಲಿ 'ಅಫ್ಶೀನ್, ಸ್ಪೀಚ್ ಥೆರಪಿಸ್ಟ್' ಎಂದಿದೆ, ಜನರ ಬಾಯಲ್ಲಿ ನಾನು ಮಾತಿನ ಮೇಡಂ. ಪ್ರತಿ ಗುರುವಾರ ಕಮಲಾಪುರದಿಂದ ವಿಮಲಾಬಾಯಿ ತಮ್ಮ ಗಂಡ ದೇವೀಂದ್ರಪ್ಪನವರನ್ನು ಕರೆದುಕೊಂಡು ಬರುತ್ತಿದ್ದರು. ಆ ಮನುಷ್ಯ ಇಪ್ಪತ್ತೈದು ವರ್ಷ ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಸವಾಲು, ಅಂದರೆ ಹರಾಜು, ಕೂಗಿ ಗಂಟಲು ಒಡೆದುಕೊಂಡವರು. ಐದು ತಿಂಗಳ ಹಿಂದೆ ಆಪರೇಷನ್ ಮಾಡಿ ಗಂಟಲೊಳಗಿನ ಗಂಟು ತೆಗೆದರು. ಒಂದು ವಾರ ಮಾತಾಡಬೇಡಿ ಎಂದಿದ್ದರು ಡಾಕ್ಟರು. ವಾರ ಕಳೆಯಿತು, ದನಿ ಹೊರಡಲೇ ಇಲ್ಲ. ಕ್ಯಾಮೆರಾ ಇಳಿಸಿ ನೋಡಿದರೆ ಒಳಗೆಲ್ಲ ವಾಸಿಯಾಗಿತ್ತು. ಹೆದರಿಕೆಗೆ ಹೀಗಾಗುವುದುಂಟು. ನಾನು ಅವರಿಂದ ಗುನುಗಿಸಿದೆ, ಕೆಮ್ಮಿಸಿದೆ, ನೀರು ಗಳಗಳ ಮಾಡಿಸಿದೆ. ಬಂದದ್ದು ಬರೀ ಗಾಳಿ. ದನಿ ಬಿದ್ದರೆ ಕುಣಿಯಬೇಕಾದ ನನ್ನ ಕಂಪ್ಯೂಟರಿನ ಹಸಿರು ಗೆರೆ ಐದು ತಿಂಗಳು ಮಲಗಿಯೇ ಇತ್ತು.

ವಿಮಲಾಬಾಯಿ ಖಡಕ್ ರೊಟ್ಟಿ ಮಾಡಿ ಮಾರುವವರು. ಗಂಡನ ದನಿ ಬರುವ ತನಕ ರೊಟ್ಟಿ ಬಾಯಿಗಿಡುವುದಿಲ್ಲ ಎಂದು ಶರಣಬಸಪ್ಪ ದೇವರಿಗೆ ಹರಕೆ ಹೊತ್ತಿದ್ದರು. ನಮ್ಮ ಕಡೆ ರೊಟ್ಟಿ ಬಿಟ್ಟು ಅನ್ನದ ಮೇಲಿರುವುದೆಂದರೆ ಅದು ಉಪವಾಸವೇ. "ಅನ್ನ ಉಂಡ್ರ ಉಂಡಂಗೇ ಆಗಂಗಿಲ್ರಿ ಮೇಡಂ" ಎಂದು ಬಂದಾಗಲೆಲ್ಲ ಗೋಳಾಡುತ್ತಿದ್ದರು. ನನಗೆ ಮಾತ್ರ ಒಂದು ಕಟ್ಟು ರೊಟ್ಟಿ ತಪ್ಪದೆ ತರುತ್ತಿದ್ದರು. ಇತ್ತೀಚೆಗೆ ಅವನ್ನು ನಾನು ಬೇಳೆಯಲ್ಲಿ ಅರ್ಧ ತಾಸು ನೆನೆಹಾಕಿ ತಿನ್ನುತ್ತಿದ್ದೆ. ಹೇಳುವ ಧೈರ್ಯವಾಗಿರಲಿಲ್ಲ.

ಒಂದು ಗುರುವಾರ ಅವರು ಬಂದವರೇ ಫೋನನ್ನು ನನ್ನ ಮೂಗಿಗೆ ಹಿಡಿದರು. ಮಹಾಗಾಂವದಲ್ಲಿ ನಡೆದ ಒಂದು ಗೃಹಪ್ರವೇಶದ ಊಟದ ವೀಡಿಯೋ, ಬಡಿಸಿದ ರೊಟ್ಟಿ ಇವರದೇ. ಯಾರ ಮುಖವೂ ಇಲ್ಲ, ತಟ್ಟೆಗಳು, ಮೊಣಕಾಲುಗಳು, ಬೇಳೆಯ ಬಕೆಟ್ಟು. ಅದರ ನಡುವೆ ಒಂದು ಗಂಡಸಿನ ದನಿ: "ಈ ರೊಟ್ಟಿಗಿ ಹಲ್ಲು ಸಾಲಂಗಿಲ್ಲ." ಸ್ವಲ್ಪ ಹೊತ್ತು ತಟ್ಟೆಗಳ ಸದ್ದು. "ಜೆಸಿಬಿ ಕರೀರಿ." ಆಮೇಲೆ ಇಡೀ ಪಂಕ್ತಿಯ ನಗು.

ನನಗೂ ನಗು ಬಂತು. ಕೆಮ್ಮಿದಂತೆ ಮಾಡಿದೆ.

"ಕುಸನೂರ ತನಕ ಎಲ್ಲಾರ ಫೋನಿನಾಗೂ ಇದೇ ಅದ" ಎಂದರು ವಿಮಲಾಬಾಯಿ. ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ಹಂಚು ಬೋರಲ ಹಾಕೀನ್ರಿ. ಅಂದಾಂವ ಯಾರಂತ ತಿಳಿಯೋತನಾ ಒಲಿ ಹಚ್ಚಂಗಿಲ್ಲ. ನನ್ನ ತಮ್ಮ ಸೂಗಪ್ಪಂದೇ ಕೆಲಸ ಅಂತ ನನ್ನ ಮನಸ್ಸು ಹೇಳ್ತದ. ಆತನ ಹೊಸ್ತಿಲಾ ತುಳಿಯೋದು ಬಿಟ್ಟೀನಿ. ಟೀವಿದಾಗ ದನಿ ಮ್ಯಾಲೆ ಕಳ್ಳನ್ನ ಹಿಡೀತಾರ. ನಿಮ್ಮ ಮಿಷಿನ್‌ನಾಗ ಹಾಕಿ ಹೇಳ್ರಿ."

ದೇವೀಂದ್ರಪ್ಪ ಗೋಡೆಯ ಮೇಲಿದ್ದ ಗಂಟಲಿನ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

"ಅದು ಪೊಲೀಸರ ಲ್ಯಾಬಿನ ಕೆಲಸರೀ ಬಾಯಿ" ಎಂದೆ. "ಬರೀ ಇಷ್ಟರಿಂದ ಆಗಂಗಿಲ್ಲ. ಸಂಶಯ ಇದ್ದವರೆಲ್ಲಾ ಅದೇ ಮಾತು ಮತ್ತ ಅನಬೇಕಾಗ್ತದ. ಆಮ್ಯಾಲ ಹೋಲಿಸಿ ನೋಡ್ತಾರ."

ಹೇಳಬಾರದಿತ್ತು. ಕೈಯಾರೆ ಹೊಂಡ ತೋಡಿ ಬಿದ್ದ ಹಾಗಾಯಿತು.

ಮುಂದಿನ ಗುರುವಾರ ಕ್ಲಿನಿಕ್ಕಿನ ಕೆಳಗೆ ಟೆಂಪೋ ನಿಂತಿತು. ಅವತ್ತಿನ ಪಂಕ್ತಿಯಲ್ಲಿ ಕೂತಿದ್ದ ಆರು ಗಂಡಸರು ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ತಟ್ಟೆಗೆ ಬಗ್ಗಿದ್ದರಂತೆ, ಅಂದವನು ಯಾರೆಂದು ಒಬ್ಬರೂ ನೋಡಿಲ್ಲವಂತೆ. ಹಿಂದಿನಿಂದ ವಿಮಲಾಬಾಯಿ, ಅವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ರೊಟ್ಟಿ. "ಅದೇ ಊಟದ್ದು. ಯಾರೂ ಮುಟ್ಟಬ್ಯಾಡ್ರಿ, ಸಾಕ್ಷಿ ಅದ" ಎಂದರು. ಕೊನೆಗೆ ದೇವೀಂದ್ರಪ್ಪ. ಅವರೂ ಅದೇ ಪಂಕ್ತಿಯಲ್ಲಿ ಉಂಡವರೇ, ಆದರೆ ದನಿಯೇ ಇಲ್ಲದವರ ಮೇಲೆ ಸಂಶಯ ಯಾರಿಗೆ ಬಂದೀತು?

ಯಾ ಅಲ್ಲಾ ಎಂದುಕೊಂಡು ಮೈಕು ಹಚ್ಚಿದೆ. ಒಂದೊಂದು ಸಲ ಅಂದು ಹೋಗಲಿ, ತಿಳಿಯಲಿಲ್ಲ ಎಂದು ಕಳಿಸಿಬಿಡೋಣ ಎಂಬ ಲೆಕ್ಕ ನನ್ನದು.

ಮೊದಲು ಯಂಕಪ್ಪ. ಕೋರ್ಟಿನಲ್ಲಿ ಪ್ರಮಾಣ ಮಾಡುವವನಂತೆ ಕೈಕಟ್ಟಿ, ಒಂದೇ ಉಸಿರಿನಲ್ಲಿ, "ಈರೊಟ್ಟಿಗಿಹಲ್ಲುಸಾಲಂಗಿಲ್ಲಜೆಸಿಬಿಕರೀರಿ" ಎಂದ. ಯಶವಂತ ಬಾಯಿ ತೆರೆಯುವ ಮೊದಲೇ ನಕ್ಕುಬಿಟ್ಟ. "ಸರಿ ಬರಲಿಲ್ರಿ ಮೇಡಂ, ಇನ್ನೊಮ್ಮೆ ಅಂತೀನಿ" ಎಂದು ನಾಲ್ಕು ಸಲ ಅಂದ. ಮೂರನೆಯವನು ಜೆಸಿಬಿಯ ಜಾಗಕ್ಕೆ ಟ್ರ್ಯಾಕ್ಟರ್ ಹಾಕಿದ. ನಾಲ್ಕನೆಯವನು ಅತ್ತುಬಿಟ್ಟ, ಐದನೆಯವನು ಹಾಡಿನ ಧಾಟಿಯಲ್ಲಿ ಎಳೆದ. ಉಳಿದವರಿಗೆ ಹಬ್ಬ. ಒಂದು ಸಲ ಆದ ಅವಮಾನ ನನ್ನ ಕ್ಲಿನಿಕ್ಕಿನಲ್ಲಿ ಹತ್ತು ಸಲ ಆಗುತ್ತಿತ್ತು, ವಿಮಲಾಬಾಯಿ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ನನಗೆ ಪಾಪ ಅನ್ನಿಸಿತು. ಸಾಕು ಮಾಡಬೇಕೆಂದರೆ ಸೂಗಪ್ಪ ಆಗಲೇ ಮೈಕು ಹಿಡಿದಿದ್ದ.

ಅಕ್ಕನ ಸಂಶಯಕ್ಕೆ ರೇಗಿದ್ದ ಅವನು ಗಂಟಲು ಹರಿಯುವಂತೆ ಕಿರುಚಿದ. "ಈ ರೊಟ್ಟಿಗಿ ಹಲ್ಲು ಸಾಲಂಗಿಲ್ಲ ಜೆಸಿಬಿ ಕರೀರಿ! ಆತೇನವ್ವಾ? ನಂದೇ ದನಿ ಏನು?"

ಯಂಕಪ್ಪನ ಸರದಿಯಿಂದಲೂ ದೇವೀಂದ್ರಪ್ಪ ಕುರ್ಚಿಯ ಕೈ ಹಿಡಿದು ಒದ್ದಾಡುತ್ತಿದ್ದರು. ಹಾಡು ಬಂದಾಗ ಕಣ್ಣು ಮುಚ್ಚಿಕೊಂಡಿದ್ದರು. ಈಗ ಎದ್ದೇ ನಿಂತರು.

"ಹಂಗಲ್ಲಲೇ ಸೂಗಪ್ಪಾ! ನಡುವ ನಿಲ್ಲಬೇಕು! ಬಾಯಾಗಿನ ತುತ್ತು ನುಂಗೋತನಾ ನಿಲ್ಲಬೇಕು! ಎಲ್ಲಾರೂ ಕೂಡಿ ಛಲೋ ಮಾತು ಕೆಡಿಸಿಬಿಟ್ರಲ್ಲೋ!"

ಕಂಪ್ಯೂಟರಿನ ಮೇಲೆ ಹಸಿರು ಗೆರೆ ಪರದೆಯ ತುದಿಗೆ ಹೋಗಿ ಬಡಿಯಿತು.

ದೇವೀಂದ್ರಪ್ಪ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡು, ಬೆರಳ ಸಂದಿಯಿಂದ ಹೆಂಡತಿಯನ್ನು ನೋಡಿದರು.

"ಆ ದಿನ ಊಟದಾಗ ತಾನೇ ಹೊಂಟು ಬಂತು, ವಿಮಲಾ" ಎಂದರು ಮೆಲ್ಲಗೆ. "ಐದು ತಿಂಗಳಿಗೆ ಬಂದ ಮೊದಲನೇ ಮಾತು ಅದು. ದನಿ ಬಂತು ಅಂತ ಹೇಳಿದ್ರ, ಏನಂದ್ರಿ ಅಂತ ನೀ ಕೇಳ್ತಿದ್ದಿ. ನಾ ಏನು ಹೇಳಲಿ?"

ವಿಮಲಾಬಾಯಿ ಎದ್ದರು. ಸೂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಇವತ್ತು ಈ ಮನುಷ್ಯನಿಗೆ ಗಂಟಲು ವಾಸಿಯಾಗಿ ಬೇರೇನೋ ಮುರಿಯುತ್ತದೆ ಎಂದು ನಾನೂ ಅಂದುಕೊಂಡೆ.

"ಇನ್ನೊಮ್ಮೆ ಅನ್ರಿ" ಎಂದರು.

"ತಪ್ಪಾತು."

"ತಪ್ಪು ಮನ್ಯಾಗ ನೋಡೋಣು. ಈಗ ಇನ್ನೊಮ್ಮೆ ಅನ್ರಿ."

ದೇವೀಂದ್ರಪ್ಪ ಹೇಳಿದರು, ನಡುವೆ ನಿಲ್ಲಬೇಕಾದಲ್ಲಿ ನಿಂತು. ವಿಮಲಾಬಾಯಿಯ ಕಣ್ಣಲ್ಲಿ ನೀರು ತುಂಬಿತು. "ಲಗ್ನ ಆದ ಹೊಸದ್ರಾಗ ಇದೇ ದನಿ ಇತ್ರಿ ಮೇಡಂ. ಸವಾಲು ಕೂಗಿ ಕೂಗಿ ಒಡೆದು ಹೋಗಿತ್ತು. ಫೋನಿನಾಗ ನೂರು ಸಲ ಕೇಳೀನಿ, ಗುರ್ತಾ ಸಿಗಲಿಲ್ಲ ನೋಡ್ರಿ ನನಗ."

ನಾನು ಕಂಪ್ಯೂಟರಿನ ಆ ಹಸಿರು ಗೆರೆಯನ್ನು ಹಾಗೇ ಸೇವ್ ಮಾಡಿದೆ.

"ಹರಕಿ ಮುಗೀತು" ಎಂದು ವಿಮಲಾಬಾಯಿ ಕವರು ಹರಿದು ಸಾಕ್ಷಿಯನ್ನು ಹೊರತೆಗೆದರು. ಕೈಯಿಂದ ಮುರಿಯಲು ನೋಡಿದರು, ಆಗಲಿಲ್ಲ. ನನ್ನ ಟೇಬಲ್ಲಿನ ಅಂಚಿಗೆ ಬಡಿದರು, ಒಂದು ಚೂರು ಬಂತು. ಬಾಯಿಗೆ ಹಾಕಿಕೊಂಡು ಅಗಿದರು. ಬಲದವಡೆಯಿಂದ ಎಡದವಡೆಗೆ ತಂದು ಮತ್ತೆ ಅಗಿದರು. ಸೂಗಪ್ಪ ನೀರು ಕೊಡಲು ಹೋದರೆ ಕೈಯಿಂದಲೇ ಬೇಡವೆಂದರು. ಐದು ತಿಂಗಳು ತಾನು ಮಾಡಿದ ರೊಟ್ಟಿಯನ್ನು ತಾನೇ ತಿಂದು ನೋಡಿರಲಿಲ್ಲ ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಮೂಡಿತು.

"ಈ ರೊಟ್ಟಿಗಿ ಹಲ್ಲು ಸಾಲಂಗಿಲ್ಲ" ಎಂದರು.

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು. ವಿಮಲಾಬಾಯಿ ಬಾಯಲ್ಲಿದ್ದ ತುತ್ತನ್ನು ಪೂರ್ತಿ ನುಂಗಿದರು.

"ಜೆಸಿಬಿ ಕರೀರಿ."

"ನೋಡಿದ್ಯಾ ಸೂಗಪ್ಪಾ" ಎಂದರು ದೇವೀಂದ್ರಪ್ಪ. "ಹಿಂಗ ನಿಲ್ಲಬೇಕು."