ಟೇಪಣ್ಣ ಅಳೆಯದೆ ಬಿಟ್ಟ ದಾರಿ

ಮನೆ ಸಾಲದು ಎಂಬ ದೂರು ಯಾರ ಮನೆಯಲ್ಲಿಲ್ಲ ಹೇಳಿ? ನಮ್ಮ ಟೇಪಣ್ಣನ ಮನೆಯಲ್ಲಂತೂ ಅದು ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತಿತ್ತು.

ಟೇಪಣ್ಣ ದರ್ಜಿ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವನನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಕೋಟು ಹೊಲಿಯುವುದರಲ್ಲಿ ಪಳಗಿದ ಕೈ. ಆದರೆ ಹೊಲಿಗೆ ಯಂತ್ರ ಇದ್ದದ್ದು ಬಚ್ಚಲಿಗೆ ಹೋಗುವ ಪ್ಯಾಸೇಜಿನಲ್ಲಿ. ಅಮ್ಮ ಸ್ನಾನಕ್ಕೆ ಹೊರಟರೆ ಅವನು ಎದ್ದು ಕುರ್ಚಿ ಸರಿಸಬೇಕು. ಹತ್ತು ವರ್ಷದ ಮಗಳು ಹಲ್ಲುಜ್ಜಲು ಹೊರಟರೆ ಮತ್ತೆ ಎದ್ದು ಸರಿಸಬೇಕು. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ಬಂದು ಕೈ ತೊಳೆಯಬೇಕೆಂದರೆ, ಅದೇ ಕಥೆ.

"ಕೋಟು ಹೊಲಿಯೋದಕ್ಕಿಂತ ಕುರ್ಚಿ ಎಳೆಯೋದೇ ನನ್ನ ಕಸುಬಾಗಿಹೋಯ್ತು!" ಎಂದು ಅವನು ಗೊಣಗುತ್ತಿದ್ದ. ಪಾಪ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗಿರುವಾಗ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ದೊಡ್ಡ ಮನೆ ಬಾಡಿಗೆಗಿದೆ ಎಂಬ ಸುದ್ದಿ ಬಂತು. ಟೇಪಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಹಳೆ ಕಾರಿನ ಧೂಳು ಒರೆಸಿ, ಖಾಲಿ ರಸ್ತೆಯಲ್ಲಿ ಜುಮ್ಮೆಂದು ಹೋಗಿ ನೋಡಿ ಬಂದ. ಹೋದವನು ಸುಮ್ಮನೆ ನೋಡುತ್ತಾನೆಯೇ? ಟೇಪು ಬಿಚ್ಚಿ ಪ್ರತಿ ಕೋಣೆಯ ಉದ್ದಗಲ ಅಳೆದ. ಕಿಟಕಿ ಅಳೆದ, ಬಾಗಿಲು ಅಳೆದ, ಕಾರು ನಿಲ್ಲಿಸುವ ಜಾಗವನ್ನೂ ಅಳೆದ. ಶನಿವಾರದೊಳಗೆ ಒಪ್ಪಿಗೆ ಹೇಳುತ್ತೇನೆ ಎಂದು ಮನೆ ಮಾಲೀಕನಿಗೆ ಮಾತು ಕೊಟ್ಟೇ ಬಂದ.

ಮಾರನೆಯ ಸಂಜೆ ನರ್ಸಕ್ಕ ತನ್ನ ಯೂನಿಫಾರ್ಮಿನ ಸೊಂಟ ಸಡಿಲ ಮಾಡಿಸಲು ಬಂದಳು. ಅವಳು ಅದೇ ಬೀದಿಯ ಕೊನೆಯಲ್ಲಿರುವ ಆರೋಗ್ಯ ಕೇಂದ್ರದ ನರ್ಸು. ಬೀದಿಯವರ ಬಿ.ಪಿ., ಸಕ್ಕರೆ, ಜಗಳ ಎಲ್ಲವೂ ಅವಳಿಗೆ ಬಾಯಿಪಾಠ.

"ಹದಿನಾರು ಅಡಿ ಉದ್ದ, ಹದಿಮೂರು ಅಗಲ, ನರ್ಸಕ್ಕ! ಹೊಲಿಗೆಗೆ ಅಂತಾನೇ ಒಂದು ಕೋಣೆ. ಬೆಳಕು ಅಂದ್ರೆ ಹಾಗಿದೆ, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದ್ರೂ ಕಾಣ್ಸುತ್ತೆ" ಎಂದ ಟೇಪಣ್ಣ.

"ಒಳ್ಳೇದಾಯ್ತು. ಹಾಲು ಎಲ್ಲಿ ಸಿಗುತ್ತೆ?"

"ಹಾಲಾ? ಕಾರಲ್ಲಿ ಹತ್ತು ನಿಮಿಷ."

"ಮಗಳ ಶಾಲೆ?"

"ಕಾರಲ್ಲಿ ಅರ್ಧ ಗಂಟೆ."

"ಅಮ್ಮನ ಮಂಡಿ ನೋವಿಗೆ ಡಾಕ್ಟರು?"

"ಕಾರಿದೆಯಲ್ಲ ನರ್ಸಕ್ಕ!"

"ಕಾರು ಒಂದು. ಜನ ನಾಲ್ಕು" ಎಂದು ನರ್ಸಕ್ಕ ನಕ್ಕಳು. "ಮನೆ ಅಳತೆಯೆಲ್ಲ ತಗೊಂಡೆ. ಅದನ್ನ ಹಾಕ್ಕೊಳ್ಳೋ ಜನರ ಅಳತೆ ತಗೊಂಡ್ಯಾ?"

"ದೊಡ್ಡ ಮನೆ ಯಾರಿಗೆ ಬೇಡ? ನೀವೊಬ್ಬರು!"

"ನಾನು ಬೇಡ ಅಂದೆನಾ? ಒಂದು ಕೇಳ್ತೀನಿ ಹೇಳು. ಕೋಟಿಗೆ ಮೊದಲೇ ಗಟ್ಟಿ ಹೊಲಿಗೆ ಹಾಕ್ತೀಯಾ?"

"ಛೆ ಛೆ! ಮೊದಲು ಕಚ್ಚಾ ಹೊಲಿಗೆ. ಅದನ್ನ ಹಾಕ್ಕೊಂಡು ಗಿರಾಕಿ ಕೂತು, ಎದ್ದು, ಕೈ ಎತ್ತಿ ನೋಡ್ಬೇಕು. ಎಲ್ಲಿ ಹಿಡಿಯುತ್ತೆ ಅಂತ ಆಗ್ಲೇ ಗೊತ್ತಾಗೋದು."

"ಮನೆಗೂ ಅದನ್ನೇ ಮಾಡಪ್ಪ. ಭಾನುವಾರ ಹೋಗಿ ನೋಡಿದ್ರೆ ಎಲ್ಲ ಚೆನ್ನಾಗೇ ಕಾಣುತ್ತೆ, ದೂರದ ಬೆಟ್ಟ ನುಣ್ಣಗೆ. ಕೆಲಸದ ದಿನ ಒಂದಿನ ಇದ್ದು ನೋಡು. ಹಿಡಿಯದಿದ್ರೆ ನಾನೇ ಬಂದು ಸಾಮಾನು ಕಟ್ಟಿಕೊಡ್ತೀನಿ."

ಟೇಪಣ್ಣನಿಗೆ ರೇಗಿತು. ಆದರೆ ಅವನ ಕಸುಬನ್ನೇ ಹಿಡಿದು ಹೇಳಿದ ಮಾತು, ತಳ್ಳಿಹಾಕುವುದು ಹೇಗೆ? ಮಾಲೀಕ ಒಳ್ಳೆಯ ಮನುಷ್ಯ, ಇದ್ದು ನೋಡಿ ಎಂದು ಬೀಗದ ಕೈ ಕೊಟ್ಟ. ಗುರುವಾರ ಸಂಜೆ ನಾಲ್ಕು ಜನ, ನಾಲ್ಕು ಹಾಸಿಗೆ, ಒಂದು ಹೊಲಿಗೆ ಯಂತ್ರ ಹಳೆ ಕಾರಿನಲ್ಲಿ ತುರುಕಿಕೊಂಡು ಹೊರಟರು.

ಸುಳ್ಳು ಯಾಕೆ ಹೇಳಬೇಕು, ಮನೆ ಚೆನ್ನಾಗಿಯೇ ಇತ್ತು. ಗಾಳಿ ಇತ್ತು, ಸದ್ದಿರಲಿಲ್ಲ. ಎಲ್ಲರೂ ಸೊಗಸಾಗಿ ನಿದ್ದೆ ಮಾಡಿದರು.

ಬೆಳಗಾಯಿತು. ಹೆಂಡತಿಗೆ ಏಳು ಗಂಟೆಗೆ ಲ್ಯಾಬು, ಮಗಳಿಗೆ ಒಂಬತ್ತಕ್ಕೆ ಶಾಲೆ, ಕಾರು ಒಂದೇ. ಹಾಗಾಗಿ ಮಗಳೂ ಆರಕ್ಕೇ ಎದ್ದು, ಕಣ್ಣು ಉಜ್ಜಿಕೊಳ್ಳುತ್ತಾ ಕಾರು ಹತ್ತಿದಳು.

"ಇಷ್ಟು ಬೇಗ ಹೋಗಿ ಏನಪ್ಪಾ ಮಾಡ್ಲಿ? ಶಾಲೆ ಗೇಟಿಗೆ ಪಾಠ ಹೇಳ್ಕೊಡ್ಲಾ?"

"ಲ್ಯಾಬಲ್ಲಿ ಅಮ್ಮನ ಜೊತೆ ಕೂತಿರು, ಬಂಗಾರಿ. ಒಂದಿನ ತಾನೇ" ಎಂದ ಟೇಪಣ್ಣ. ಹೇಳಿದ ಮೇಲೆ ಅವನಿಗೇ ಅನ್ನಿಸಿತು, ಇಲ್ಲಿಗೆ ಬಂದರೆ ಅದು ಒಂದಿನವಲ್ಲ, ದಿನಾ.

ಅಂದು ಪೋಸ್ಟ್‌ಮಾಸ್ಟರಿಗೆ ನಿವೃತ್ತಿ. ಸಂಜೆ ಆರಕ್ಕೆ ಬೀಳ್ಕೊಡುಗೆ. ಅದಕ್ಕೆ ಹಾಕಿಕೊಳ್ಳಲು ಹೊಲಿಸಿದ ಬೂದು ಕೋಟನ್ನು ಐದು ಗಂಟೆಗೆ ತಲುಪಿಸುತ್ತೇನೆಂದು ಟೇಪಣ್ಣ ಮಾತು ಕೊಟ್ಟಿದ್ದ. ಗುಂಡಿ ಹಾಕಿ, ಇಸ್ತ್ರಿ ಮಾಡಿದರೆ ಆಯಿತು. ಹೊಸ ಕೋಣೆಯ ಬೆಳಕಿನಲ್ಲಿ ಹಾಡಿಕೊಳ್ಳುತ್ತಾ ಕೂತ. ಮೊದಲ ಗುಂಡಿ ಆಯಿತು. ಎರಡನೆಯದು ಆಯಿತು. ಮೂರನೆಯದು ಕೈಯಿಂದ ಜಾರಿ ಕಲ್ಲು ನೆಲಕ್ಕೆ ಬಿದ್ದು ಎರಡು ಹೋಳಾಯಿತು!

"ಎರಡು ನಿಮಿಷದಲ್ಲಿ ಬಂದೆ ಅಮ್ಮಾ" ಎಂದು ಅಭ್ಯಾಸಬಲದಿಂದ ಕೂಗಿ, ಚಪ್ಪಲಿ ಮೆಟ್ಟಿ ಹೊರಟ. ಹಳೆ ಬೀದಿಯಲ್ಲಿ ಗುಂಡಿ ಅಂಗಡಿ ಎಂಬತ್ತು ಹೆಜ್ಜೆ. ಇಲ್ಲಿ ಎಂಬತ್ತು ಹೆಜ್ಜೆ ಆಯಿತು, ಕಾಂಪೌಂಡು ಗೋಡೆ. ಇನ್ನೂರು ಆಯಿತು, ಇನ್ನೊಂದು ಗೋಡೆ. ರಸ್ತೆ ಕನ್ನಡಿಯ ಹಾಗಿತ್ತು, ಆದರೆ ಪಕ್ಕದಲ್ಲಿ ಫುಟ್‌ಪಾತು ಇರಲಿಲ್ಲ, ಒಂದು ಮರದ ನೆರಳಿರಲಿಲ್ಲ, ಮಾತಾಡಿಸಲು ಒಂದು ನರಪಿಳ್ಳೆ ಇರಲಿಲ್ಲ. ಕೊನೆಗೆ ಗೇಟಿನಿಂದ ಹೊರಬರುತ್ತಿದ್ದ ಒಂದು ಕಾರಿಗೆ ಕೈ ಅಡ್ಡ ಹಿಡಿದ.

"ಸಾರ್, ಇಲ್ಲಿ ಗುಂಡಿ ಎಲ್ಲಿ ಸಿಗುತ್ತೆ?"

"ಹೆದ್ದಾರಿ ಆಚೆ ದೊಡ್ಡ ಅಂಗಡಿ ಇದೆ. ಕಾರಲ್ಲಿ ಹತ್ತೇ ನಿಮಿಷ."

"ಕಾರು ಮನೆಯವಳು ತಗೊಂಡು ಹೋಗಿದ್ದಾಳೆ."

"ಓ, ಹಾಗಾದ್ರೆ ಇನ್ನೊಂದು ತಗೊಳ್ಳಿ. ನಾವೂ ಹಾಗೇ ಮಾಡಿದ್ದು" ಎಂದು ಆ ಮನುಷ್ಯ ಸ್ನೇಹದಿಂದಲೇ ಹೇಳಿ ಹೋದ. ಒಂದು ಗುಂಡಿಗೆ ಒಂದು ಕಾರು! ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ ಆಯಿತು.

ಟೇಪಣ್ಣ ಹೆದ್ದಾರಿಯವರೆಗೂ ನಡೆದ. ಎದುರಿಗೇ ಅಂಗಡಿ ಕಾಣುತ್ತಿತ್ತು. ಆದರೆ ದಾಟುವುದಕ್ಕೆ ಸಿಗ್ನಲ್ಲಿಲ್ಲ, ಮೇಲ್ಸೇತುವೆಯಿಲ್ಲ. ಬುರ್ ಬುರ್ ಎಂದು ವಾಹನಗಳು ಬರುತ್ತಲೇ ಇದ್ದವು. ಕಾಲು ಗಂಟೆ ನಿಂತು ನೋಡಿ ಬೆವರು ಒರೆಸಿಕೊಂಡು ವಾಪಸು ಬಂದ.

ಬಂದರೆ, ಅಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು, ಕಾಲಲ್ಲಿ ಚಪ್ಪಲಿ ಇತ್ತು, ತೊಡೆಯ ಮೇಲೆ ಬಟ್ಟೆ ಚೀಲ ಇತ್ತು.

"ಎಲ್ಲಿಗಮ್ಮಾ ಹೊರಟಿದ್ದು?"

"ಎಲ್ಲಿಗೂ ಇಲ್ಲ ಕಣೋ. ಬೆಳಿಗ್ಗೆ ಬ್ರೆಡ್ಡು ತರೋಣ ಅಂತ ಗೇಟಿನ ತನಕ ಹೋದೆ, ವಾಪಸ್ ಬಂದೆ. ಆಮೇಲೆ ನರ್ಸಮ್ಮನ ಹತ್ತಿರ ಬಿ.ಪಿ. ನೋಡಿಸ್ಕೊಳ್ಳೋಣ ಅಂತ ಎದ್ದೆ, ಮತ್ತೆ ನೆನಪಾಯ್ತು. ಈಗ ಮೊಮ್ಮಗಳನ್ನ ಕರ್ಕೊಂಡು ಬರೋ ಹೊತ್ತಾಗುತ್ತೆ ಅಂತ…" ಎಂದು ಅಮ್ಮ ನಕ್ಕಳು. "ಹಾಳು ಅಭ್ಯಾಸ. ಬಿಟ್ಟುಹೋಗುತ್ತೆ ಬಿಡು."

ಮೂರು ಸಲ ಚಪ್ಪಲಿ ಹಾಕಿದ್ದಾಳೆ, ಎರಡು ಸಲ ಬಿಚ್ಚಿದ್ದಾಳೆ. ಎಪ್ಪತ್ತಮೂರು ವರ್ಷದ ಅಮ್ಮ ಇದುವರೆಗೆ ತನ್ನ ಕೆಲಸಕ್ಕೆ ಯಾರನ್ನೂ ಕೇಳಿದವಳಲ್ಲ. ಇಲ್ಲಿ ಒಂದು ಬ್ರೆಡ್ಡಿಗೂ ಮಗನ ಮುಖ, ಸೊಸೆಯ ಮುಖ ನೋಡಬೇಕು.

"ಮನೆ ನಿನಗೆ ಹಿಡಿಸ್ತಾ ಅಮ್ಮಾ? ನಿಜ ಹೇಳು."

"ಮನೆಗೇನಾಗಿದೆ? ನಿನಗೆ ಕೋಣೆ ಸಿಕ್ಕಿತು, ಬೆಳಕು ಸಿಕ್ಕಿತು. ನಾನು ಒಗ್ಗಿಕೊಳ್ತೀನಿ. ಟಿ.ವಿ. ಇದೆಯಲ್ಲ."

ಟೇಪಣ್ಣ ನೆಲದ ಮೇಲೆ ಅವಳ ಕಾಲ ಬಳಿ ಕೂತ. "ಅಲ್ಲಿ ದಿನಾ ಎಲ್ಲೆಲ್ಲಿಗೆ ಹೋಗ್ತಿದ್ದೆ ಅಮ್ಮಾ?" ಎಂದು ಕೇಳಿದ. ಊರಿನ ಸೊಂಟದ ಅಳತೆಯೆಲ್ಲ ಬಲ್ಲವನಿಗೆ ಅಮ್ಮನ ದಿನದ ಅಳತೆ ಗೊತ್ತಿರಲಿಲ್ಲ.

"ಎಲ್ಲಿಗೆ ಅಂತ ಹೇಳ್ಲಿ? ಬ್ರೆಡ್ಡಿನಂಗಡಿ. ಆಮೇಲೆ ಆರೋಗ್ಯ ಕೇಂದ್ರದ ಮುಂದಿನ ಬೆಂಚು. ಅಲ್ಲಿ ನಾವು ನಾಲ್ಕೈದು ಜನ ಸೇರ್ತೀವಿ. ಸುದ್ದಿಯೆಲ್ಲ ಅಲ್ಲೇ ಸಿಗೋದು. ಮೊನ್ನೆ ಅಲ್ಲೇ ಗೊತ್ತಾಯ್ತು, ನಮ್ಮ ಮನೆಯಿಂದ ಮೂರನೇ ಬಾಗಿಲು, ಜೆರಾಕ್ಸ್ ಅಂಗಡಿ ಇತ್ತಲ್ಲ, ಅದು ಖಾಲಿಯಂತೆ. ಬಾಡಿಗೆಗೆ ಕೊಡ್ತಾರಂತೆ. ಮುಂದುಗಡೆಯೆಲ್ಲ ಗಾಜು."

ಟೇಪಣ್ಣ ನೆಟ್ಟಗೆ ಕೂತ. "ಏನಂದೆ? ಗಾಜಾ? ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಟೇಪು ಹಿಡ್ಕೊಂಡು ಊರಾಚೆ ಓಡ್ತಿದ್ದೆ!"

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಟೇಪಣ್ಣ ಹಣೆ ಚಚ್ಚಿಕೊಂಡ. ಆಮೇಲೆ ಅಮ್ಮ ಮಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಲ್ಯಾಬಿನಿಂದ ಹೊರಟ ಹೆಂಡತಿ ಮಗಳನ್ನು ಕರೆದುಕೊಂಡು ಟ್ರಾಫಿಕ್ಕಿನಲ್ಲಿ ತೆವಳಿ ಮನೆ ಮುಟ್ಟುವಾಗ ನಾಲ್ಕೂವರೆ. ಅವಳು ಕಾರಿನಿಂದ ಇಳಿಯುವ ಮೊದಲೇ ಟೇಪಣ್ಣ ಕೋಟು ಹಿಡಿದು, ಅಮ್ಮನನ್ನು ಕೂರಿಸಿ, ತಾನೂ ಹತ್ತಿದ.

"ತಿರುಗಿಸು ಕಾರು! ಪೋಸ್ಟ್‌ಮಾಸ್ಟರ ಮಾನ ನನ್ನ ಕೈಲಿದೆ."

"ಈಗ ತಾನೇ ಆ ರಸ್ತೆಯಿಂದ ಬಂದೆ ಕಣ್ರೀ! ಮತ್ತೆ ಅಲ್ಲಿಗೇನಾ?" ಎಂದು ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. ಆದರೂ ತಿರುಗಿಸಿದಳು.

ಹಳೆ ಬೀದಿಗೆ ಬಂದಾಗ ಆರಕ್ಕೆ ಇಪ್ಪತ್ತು ನಿಮಿಷ. ಪೋಸ್ಟ್‌ಮಾಸ್ಟರು ಟೇಪಣ್ಣನ ಮನೆಗೆ ಬೀಗ ಕಂಡು, ಆರೋಗ್ಯ ಕೇಂದ್ರದ ಮುಂದಿನ ಬೆಂಚಿನ ಮೇಲೆ ಬರೀ ಶರ್ಟಿನಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ನರ್ಸಕ್ಕ ಧೈರ್ಯ ಹೇಳುತ್ತಿದ್ದಳು. ಮಗಳು ಕಾರಿನಿಂದ ಹಾರಿ, ಗುಂಡಿ ಅಂಗಡಿಗೆ ಓಡಿ, ಬೂದು ಗುಂಡಿ ಹಿಡಿದು ಓಡಿ ಬಂದಳು. ಇದಕ್ಕೆ ಹಿಡಿದದ್ದು ಎರಡು ನಿಮಿಷ. ಕೋಟು ಪೋಸ್ಟ್‌ಮಾಸ್ಟರ ಮೈಮೇಲಿರುವಾಗಲೇ ಟೇಪಣ್ಣ ಮಂಡಿಯೂರಿ ಮೂರನೆಯ ಗುಂಡಿ ಹೊಲಿದ.

"ಅಲ್ಲಾಡ್ಬೇಡಿ ಸಾರ್, ಸೂಜಿ ಚುಚ್ಚುತ್ತೆ."

"ಚುಚ್ಚಿದ್ರೆ ಚುಚ್ಚಲಿ, ನರ್ಸು ಪಕ್ಕದಲ್ಲೇ ಇದ್ದಾರೆ" ಎಂದರು ಪೋಸ್ಟ್‌ಮಾಸ್ಟರು. ಬೀದಿಯೆಲ್ಲ ನಕ್ಕಿತು. ಅವರು ಕಾಲರು ಸರಿಮಾಡಿಕೊಂಡು ನಡೆದೇ ಅಂಚೆ ಕಚೇರಿಗೆ ಹೋದರು, ಹೊತ್ತಿಗೆ ಸರಿಯಾಗಿ.

ನರ್ಸಕ್ಕ ಟೇಪಣ್ಣನನ್ನು ನೋಡಿದಳು. "ಎಲ್ಲಿ ಹಿಡೀತಪ್ಪಾ?"

"ಎಲ್ಲ ಕಡೆ ಹಿಡೀತು ನರ್ಸಕ್ಕ. ಮನೆ ಸಡಿಲ ಇತ್ತು, ದಿನ ಬಿಗಿ ಆಯ್ತು. ನೀವೇ ಗೆದ್ರಿ. ಹಾಗಾದ್ರೆ ಕಾರು ಮಾರಿಬಿಡ್ಲಾ?"

"ಅಯ್ಯೋ, ಕಾರಿನ ಮೇಲೆ ಯಾಕೆ ಸಿಟ್ಟು? ಅವಸರಕ್ಕೆ, ದೂರಕ್ಕೆ, ಭಾರಕ್ಕೆ ಅದೂ ಬೇಕು. ಆದ್ರೆ ಹಾಲಿಗೂ ಅದೇ, ಶಾಲೆಗೂ ಅದೇ ಅಂದ್ರೆ ಕಷ್ಟ. ಕಾರು ಓಡಿಸೋಕೆ ಬರದ ಮಕ್ಕಳನ್ನ, ಮುದುಕರನ್ನ ಮನೇಲೇ ಕಟ್ಟಿಹಾಕಿದ ಹಾಗೆ. ನಿಮ್ಮಮ್ಮ ದಿನಾ ಅರ್ಧ ಗಂಟೆ ನಡೀತಾರೆ. ಅವರ ಮಂಡಿ ಇನ್ನೂ ಓಡಾಡ್ತಿರೋದು ಅದರಿಂದ್ಲೇ. ನಡಿಗೆ ನಿಂತ್ರೆ ಮಂಡಿ ಹಿಡ್ಕೊಳ್ಳುತ್ತೆ, ಸಕ್ಕರೆ ಏರುತ್ತೆ, ಮನಸ್ಸು ಕುಗ್ಗುತ್ತೆ."

"ಆದ್ರೂ ನಮ್ಮ ಬೀದೀನೂ ಸ್ವರ್ಗ ಅಲ್ಲ ಬಿಡಿ" ಎಂದಳು ಹೆಂಡತಿ. "ಹಾರ್ನ್ ಹಾವಳಿ. ಬ್ರೆಡ್ಡಿನಂಗಡಿ ಮುಂದೆ ಫುಟ್‌ಪಾತಿನ ಕಲ್ಲು ಮುರಿದು ಎಷ್ಟು ಕಾಲ ಆಯ್ತು? ಅತ್ತೆ ಅಲ್ಲಿ ಎರಡು ಸಲ ಎಡವಿದ್ದಾರೆ."

"ಅದನ್ನ ಕೇಳಿ ಮಾಡಿಸ್ಕೊಳ್ಳೋಣ. ಒಬ್ಬರು ಕೇಳಿದ್ರೆ ಗೊಣಗಾಟ, ಬೀದಿ ಕೇಳಿದ್ರೆ ಅರ್ಜಿ" ಎಂದಳು ನರ್ಸಕ್ಕ.

ಅರ್ಜಿ ಬರೆದದ್ದು ಯಾರು ಗೊತ್ತೇ? ಕೈಯಲ್ಲಿ ಈಗ ಬೇಕಾದಷ್ಟು ಬಿಡುವಿದ್ದ ಪೋಸ್ಟ್‌ಮಾಸ್ಟರು. ಬೀದಿಯ ನಲವತ್ತು ಮನೆಯವರು ಸಹಿ ಹಾಕಿದರು. ನಗರಸಭೆಗೆ ಮೂರು ಸಲ ಎಡತಾಕಿದ ಮೇಲೆ ಕಲ್ಲು ಸರಿಯಾಯಿತು. ಶಾಲೆಯ ಮುಂದೆ ರಸ್ತೆ ದಾಟಲು ಬಿಳಿ ಪಟ್ಟೆಯೂ ಬಂತು.

ಆ ಶನಿವಾರವೇ ಟೇಪಣ್ಣ ಯಂತ್ರ, ಹಾಸಿಗೆ ಕಾರಿಗೆ ತುಂಬಿ, ಮಾಲೀಕನಿಗೆ ಕೈಮುಗಿದು ಬೀಗದ ಕೈ ವಾಪಸು ಕೊಟ್ಟಿದ್ದ. ಈಗ ಮೂರನೆಯ ಬಾಗಿಲಿನ ಗಾಜಿನ ಅಂಗಡಿಯಲ್ಲಿ ಅವನ ಯಂತ್ರ ಓಡುತ್ತಿದೆ. ಅದು ಹದಿನಾರು ಅಡಿ ಇಲ್ಲ, ಒಂಬತ್ತೇ ಅಡಿ. ಆದರೆ ಯಾರೂ ಸ್ನಾನಕ್ಕೆ ಆ ದಾರಿಯಲ್ಲಿ ಹೋಗುವುದಿಲ್ಲ! ದಾರಿಯಲ್ಲಿ ಹೋಗುವವರು ಗಾಜಿನೊಳಗೆ ಕೋಟು ಕಂಡು ಒಳಗೆ ಬರುತ್ತಾರೆ. ಮಗಳು ಗೆಳತಿಯರ ಜೊತೆ ನಡೆದೇ ಶಾಲೆಗೆ ಹೋಗುತ್ತಾಳೆ, ಗಾಜು ತಟ್ಟಿ ನಾಲಿಗೆ ಚಾಚಿ ಓಡುತ್ತಾಳೆ. ಇದಕ್ಕಿಂತ ಇನ್ನೇನು ಬೇಕು ಎಂದು ಟೇಪಣ್ಣನಿಗೆ ಅನ್ನಿಸುತ್ತದೆ.

ಮೊನ್ನೆ ಬೆಳಿಗ್ಗೆ ಅವನು ಕತ್ತರಿ ಮರೆತು ಮನೆಗೆ ಬಂದ. ಬಾಗಿಲ ಬಳಿ ನೋಡಿದ. ಅಮ್ಮನ ಚಪ್ಪಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ದಾಳೋ, ಯಾವಾಗ ಬರುತ್ತಾಳೋ, ಅವನಿಗೆ ಗೊತ್ತಿರಲಿಲ್ಲ. ಖಾಲಿ ಜಾಗ ನೋಡಿ ಮನಸ್ಸು ತುಂಬಿ, ಕತ್ತರಿ ತೆಗೆದುಕೊಂಡು ಅಂಗಡಿಗೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ಮನೆ ಬದಲಿಸಲು ಹೊರಟಿದ್ದೀರಾ? ಕೋಣೆ ಅಳೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಕೆಲಸದ ದಿನ ಒಮ್ಮೆ ಅಲ್ಲಿಗೆ ಹೋಗಿ, ಕಾರು, ಬೈಕು ಬದಿಗಿಟ್ಟು ಹಾಲಿನಂಗಡಿಗೆ ನಡೆಯಿರಿ, ಶಾಲೆಗೆ ನಡೆಯಿರಿ, ಡಾಕ್ಟರ ಬಳಿಗೆ ನಡೆಯಿರಿ. ನಿಮ್ಮ ಮಗು ಒಂಟಿಯಾಗಿ ಆ ದಾರಿಯಲ್ಲಿ ಹೋಗಬಲ್ಲದೇ ನೋಡಿ. ಆಗಲೇ ದೂರದ ಬಡಾವಣೆಯಲ್ಲಿ ಇದ್ದೀರಾ? ನೆರೆಹೊರೆ ಸೇರಿ ಫುಟ್‌ಪಾತು ಕೇಳಿ, ಬಸ್ಸು ಕೇಳಿ, ರಸ್ತೆ ದಾಟುವ ಜಾಗ ಕೇಳಿ, ಒಂದು ಬೆಂಚು ಕೇಳಿ. ಕೇಳಿದರೆ ತಪ್ಪೇನಿಲ್ಲ. ಮತ್ತೆ ಇವತ್ತು ಮನೆಗೆ ಹೋದಾಗ ಬಾಗಿಲ ಬಳಿ ಒಮ್ಮೆ ಕಣ್ಣು ಹಾಯಿಸಿ. ನಿಮ್ಮ ಅಮ್ಮನ ಚಪ್ಪಲಿ ಸವೆದಿದೆಯೋ, ಧೂಳು ಹಿಡಿದಿದೆಯೋ?