ಕಪ್ಪೆ ಕಾರಿನ ಕಿಲುಬು

ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅರ್ಧ ಮೊರ ಮುಗಿದಿತ್ತು, ಉಗುರಿನ ಸಂದಿ ಉರಿಯುತ್ತಿತ್ತು. ಆಗ ಮೈದುನ ಪೀರ್ ಬಾಷಾ ವರ್ಕ್‌ಶಾಪಿನಿಂದ ಕೂಗಿದ.

"ಭಾಬಿ, ಸ್ವಲ್ಪ ಬನ್ನಿ. ಸೀಟು ಎತ್ತಿದೀನಿ. ನೀವೇ ಕಣ್ಣಾರೆ ನೋಡ್ಬಿಡಿ."

ಮೊರವನ್ನು ಸೊಸೆ ನಸೀಬಾಳ ಕಡೆ ತಳ್ಳಿ ಎದ್ದೆ. ಸವಳಂಗ ರಸ್ತೆಯಲ್ಲಿ ನಮ್ಮ ಮನೆಗೂ ವರ್ಕ್‌ಶಾಪಿಗೂ ನಡುವೆ ಇರುವುದು ಒಂದು ತಗಡಿನ ಬಾಗಿಲು. ಅದರಾಚೆ ಆ ಕಾರು ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ಎರಡೇ ಸೀಟಿನ ಇಂಗ್ಲಿಷ್ ಕಾರು. ಸೈಕಲ್ಲಿನಂಥ ಕಡ್ಡಿ ಚಕ್ರ, ಕ್ಯಾನ್ವಾಸಿನ ಮೇಲ್ಹೊದಿಕೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ರಸ್ತೆಯವರೆಲ್ಲ ಅದನ್ನು ಕಪ್ಪೆ ಕಾರು ಅನ್ನುತ್ತಿದ್ದರು.

ಕಾರು ಭದ್ರಾವತಿ ನ್ಯೂ ಟೌನಿನ ಗೋವಿಂದಯ್ಯನವರದು. ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ ಅವರಿಗೆ. ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಇಂಗ್ಲಿಷಿನವನಿಂದ ಕೊಂಡು, ಸ್ವಲ್ಪ ಕಾಲ ಓಡಿಸಿ, ಸೊಂಟ ಮುರಿದುಕೊಂಡ ಮೇಲೆ ಆರು ವರ್ಷ ಶೆಡ್ಡಿನಲ್ಲೇ ಬಿಟ್ಟಿದ್ದರು. ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಮತ್ತೆ ಆಸೆಯಾಯಿತು. ನನ್ನ ಮಗ ಹಯಾತನಿಗೆ ಒಪ್ಪಿಸಿದರು. ಗಾಡಿಗಳ ವೈರಿಂಗ್ ಕೆಲಸ ಅವನದು. ಹಯಾತ್ ಅದನ್ನು ಎಬ್ಬಿಸಿದ. ಇಂಜಿನ್ ಸ್ಟಾರ್ಟಾಯಿತು, ಹಾರನ್ ಕೂಗಿತು. ಗೋವಿಂದಯ್ಯನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆ ಭದ್ರಾವತಿಗೆ ಹೊರಟ. ದಾರಿಯಲ್ಲಿ ಬಿದರೆ ಊರು ದಾಟಿ ಕತ್ತಲಾಯಿತೆಂದು ಹೆಡ್‌ಲೈಟ್ ಹಾಕಿದ್ದೇ ತಡ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂತು. ಲಾರಿಗೆ ಕಟ್ಟಿ ವಾಪಸು ಎಳೆದುತಂದರು.

ಮುಂದಿನ ವಾರ ಹಯಾತನಿಗೆ ಜ್ವರ ಬಂತು. ಟೈಫಾಯ್ಡ್ ಅಂದರು. ಹೋದ.

ನಲವತ್ತನೆಯ ದಿನದ ಫಾತಿಹಾ ಆಗುವ ಮುಂಚೆಯೇ ಗೋವಿಂದಯ್ಯನವರ ಕಾಗದ ಬಂತು. ಮಗ ಹೋದದ್ದಕ್ಕೆ ಒಂದು ಸಾಲು, ಉಳಿದದ್ದೆಲ್ಲ ಕಾರಿನದು. ನಿಮ್ಮ ಮಗ ಲಾರಿಗೆ ಕೊಡುವ ಹಾಗೆ ಬ್ಯಾಟರಿಯ ವೈರುಗಳನ್ನು ತಿರುಗಾಮುರುಗಾ ಕೊಟ್ಟು ನನ್ನ ಕಾರನ್ನು ಸುಟ್ಟ, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದ್ದರು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಇತ್ತಲ್ಲ, ನಾನೇ ಓದಿಕೊಂಡೆ. ಉತ್ತರ ಬರೆಯಲಿಲ್ಲ. ಆ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸು ಬಾಡಿಗೆ, ಅಂದರೆ ಕಾರಿನ ಕಬ್ಬಿಣದ ಮೈಗೆ, ಹೋಗಬೇಕು. ನಮ್ಮಲ್ಲಿ ಬರುವ ಲಾರಿಗಳಲ್ಲಿ ಮೈನಸ್ಸು ಬಾಡಿಗೆ. ಹಯಾತ್ ಚಿಕ್ಕಂದಿನಿಂದ ನೋಡಿದ್ದು ಲಾರಿಯನ್ನೇ. ತಪ್ಪಿರಬಹುದು. ಪೀರ್ ಬಾಷಾನಿಗೂ ಅದೇ ಅನುಮಾನ. ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಕಾರಿನ ಹತ್ತಿರವೂ ಹೋಗಿರಲಿಲ್ಲ.

ನನಗೆ ಅಳು ಬರುತ್ತಿರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಮಾತಾಡುತ್ತಿದ್ದೆ. ಬೇಕಾಗಿದ್ದು ಒಂದೇ, ಮಗ ಆ ತಪ್ಪು ಮಾಡಿದ್ದನೋ ಇಲ್ಲವೋ ತಿಳಿಯಬೇಕಿತ್ತು. ದಿನಾ ಹೇಳಿ ಹೇಳಿ ಕೊನೆಗೆ ಪೀರ್ ಬಾಷಾನಿಂದ ಸೀಟು ಎತ್ತಿಸಿದೆ. ಬ್ಯಾಟರಿ ಇದ್ದದ್ದು ಅದರಡಿ.

"ಹೊಗೆ ಬಂದಾಗ ಹಯಾತ್ ಒಂದು ಕಡೆ ವೈರು ಕಿತ್ತಿದಾನೆ," ಅಂದ ಅವನು. "ಇನ್ನೊಂದು ಅವನು ಬಿಗಿದ ಹಾಗೇ ಇದೆ. ಪ್ಲಸ್ಸು. ಅದು ಎಲ್ಲಿಗೆ ಹೋಗಿದೆ ನೋಡಿ."

ಬಗ್ಗಿ ನೋಡಿದೆ. ದಪ್ಪ ವೈರು ಪಕ್ಕದ ಕಬ್ಬಿಣಕ್ಕೇ ಹೋಗಿ ಬೋಲ್ಟಿನಡಿ ಕೂತಿತ್ತು.

"ಬಾಡಿಗೆ," ಅಂದೆ.

"ಸರಿಯಾಗೇ ಕೊಟ್ಟಿದಾನೆ ಭಾಬಿ." ಅವನು ಮುಖ ಒರೆಸಿಕೊಂಡ.

ನನಗೆ ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. "ಹಾಗಾದ್ರೆ ಹೊಗೆ ಎಲ್ಲಿಂದ ಬಂತು?" ಅಂದೆ.

ಅಲ್ಲಿಂದ ಹುಡುಕಾಟ ಶುರುವಾಯಿತು. ಪೀರ್ ಬಾಷಾ ಬೇರೆ ಬ್ಯಾಟರಿ ತಂದು ಜೋಡಿಸಿದ. ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಹಯಾತ್ ಇದ್ದಾಗ ಹಿಡಿಯುತ್ತಿದ್ದವಳು ನಾನೇ, ಈಗಲೂ ಹಿಡಿದೆ. ಪೀರ್ ಬಾಷಾ ತೋರಿಸಿದಲ್ಲೆಲ್ಲ ಮುಟ್ಟಿಸಿದೆ. ಮುಟ್ಟಿಸಿದಲ್ಲೆಲ್ಲ ಬಲ್ಬು ಉರಿಯಿತು. ಹೆಡ್‌ಲೈಟಿನ ಸ್ವಿಚ್ ಎಳೆದರೆ ಮಾತ್ರ ನನ್ನ ಕೈಯ ಬಲ್ಬು ಆರುವ ಕೆಂಡದ ಹಾಗೆ ಕೆಂಪಗಾಗಿ ಸುಮ್ಮನಾಗುತ್ತಿತ್ತು. ಫ್ಯೂಸು ಹಾರಿರಲಿಲ್ಲ.

"ಇದು ಕಾರಲ್ಲ ಭಾಬಿ, ವಕೀಲ," ಅಂದ ಪೀರ್ ಬಾಷಾ. "ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ, ಕೆಲ್ಸ ಮಾತ್ರ ಆಗಲ್ಲ."

ನಾನು ಬಾನೆಟ್ಟಿನ ಒಳಗೆ, ಡ್ಯಾಶ್‌ಬೋರ್ಡಿನ ಬೆನ್ನಿಗೇ ಇದ್ದ ಫ್ಯೂಸಿನ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಅದರ ಹಿತ್ತಾಳೆ ಕ್ಲಿಪ್ಪುಗಳು, ತಿರುಪುಗಳು, ಎಲ್ಲ ಫಳಫಳ ಅನ್ನುತ್ತಿದ್ದವು. ಆರು ವರ್ಷ ಶೆಡ್ಡಿನಲ್ಲಿದ್ದ ಹಿತ್ತಾಳೆ ಕಪ್ಪಗಿರಬೇಕು. ಇದು ಹಾಗಿರಲಿಲ್ಲ, ಸ್ವಲ್ಪ ಕೆಂಪು ತಿರುಗಿದ ಹೊಳಪು. ಪಾತ್ರೆ ತಿಕ್ಕಿದ ಕೈಗೆ ಆ ಬಣ್ಣ ಗೊತ್ತು.

"ಇದನ್ನ ಹುಣಸೆಹಣ್ಣು ಹಾಕಿ ತಿಕ್ಕಿದಾರೆ ಕಣಪ್ಪ. ಇದಕ್ಕೆ ಸೇರಿರೋ ವೈರು ಬಿಚ್ಚು."

ತಿರುಪು ಬಿಚ್ಚಿ, ವೈರಿನ ಮೇಲಿನ ನೂಲಿನ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದ. ಒಳಗಿನಿಂದ ಹಸಿರು ಪುಡಿ ಅವನ ಅಂಗೈಗೆ ಉದುರಿತು. ಕಿಲುಬು. ಹುಳಿನೀರು ನೂಲಿನೊಳಗೆ ಇಳಿದು, ವರ್ಷಗಟ್ಟಲೆ ತಾಮ್ರವನ್ನು ತಿಂದಿತ್ತು. ತಂತಿಯಲ್ಲಿ ಎರಡೇ ಎಳೆ ಉಳಿದಿತ್ತು.

"ಟೆಸ್ಟ್ ಲ್ಯಾಂಪಿಗೆ ಎರಡೆಳೆ ಸಾಕು," ಅಂದ ಅವನು ನಿಧಾನವಾಗಿ. "ಹೆಡ್‌ಲೈಟಿಗೆ ಸಾಲ್ದು. ಕಾಯುತ್ತೆ, ಹೊಗೆ ಬರುತ್ತೆ."

"ಹಯಾತ್ ಇದನ್ನ ಬಿಚ್ಚಿ ನೋಡ್ಬೇಕಿತ್ತಾ?"

ಅವನು ಅಂಗೈಯ ಹಸಿರು ಪುಡಿಯನ್ನು ಕೊಡವಿದ. "ನೋಡ್ಬೇಕಿತ್ತು. ಆದ್ರೆ ಹೊಳೀತಿರೋದನ್ನ ಯಾರು ಬಿಚ್ತಾರೆ? ನಾನೂ ಬಿಚ್ತಿರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ನಸೀಬಾ, "ಇವತ್ತೇ ಬರೀರಿ ಅಮ್ಮಾ, ಆ ಸಾಹೇಬ್ರಿಗೆ," ಅಂದಳು. "ಇಡೀ ಕಾರ್ಖಾನೆಗೆ ಸಾರಿದಾರೆ, ಹಯಾತ್ ಕೈಗೆ ಗಾಡಿ ಕೊಟ್ರೆ ಸುಟ್ಟುಕೊಡ್ತಾನೆ ಅಂತ."

ತಿಕ್ಕಿದ್ದು ಯಾರೆಂದು ತಿಳಿಯದೆ ಬರೆಯುವುದು ಸರಿ ಕಾಣಲಿಲ್ಲ. ಮರುದಿನ ಭದ್ರಾವತಿ ಬಸ್ಸು ಹತ್ತಿದೆ.

ಗೋವಿಂದಯ್ಯನವರು ಕಾರ್ಖಾನೆಗೆ ಹೋಗಿದ್ದರು. ಅವರ ಹೆಂಡತಿ ಶಕುಂತಲಮ್ಮ ವರಾಂಡದಲ್ಲಿ ವಾರಪತ್ರಿಕೆ ಓದುತ್ತಿದ್ದರು. ನನ್ನನ್ನು ಕೂರಿಸಿ ಕಾಫಿ ತಂದರು.

"ನಿಮ್ಮ ಮಗನ ವಿಷ್ಯ ಕೇಳಿ ಬೇಜಾರಾಯ್ತು ಖಾಜಾಬೀ. ಯಜಮಾನ್ರ ಮಾತು ಮನಸ್ಸಿಗೆ ಹಚ್ಕೋಬೇಡಿ. ಹುಡುಗ್ರು, ತಪ್ಪಾಗುತ್ತೆ."

ಕಾಫಿ ಕುಡಿದೆ. "ಕಾರನ್ನ ಇಷ್ಟು ವರ್ಷ ಯಾರು ನೋಡ್ಕೋತಿದ್ರು ಅಮ್ಮಾವ್ರೆ? ಒಳ್ಳೆ ಚೊಕ್ಕಟವಾಗಿದೆ."

ಅವರ ಮುಖ ಅರಳಿತು. "ಇನ್ಯಾರು, ನಾನೇ. ಇವ್ರು ಸೊಂಟ ಮುರ್ಕೊಂಡ್ಮೇಲೆ ಆ ಶೆಡ್ಡಿನ ಕಡೆ ತಲೆ ಹಾಕಿ ಮಲಗ್ತಿರ್ಲಿಲ್ಲ. ಪ್ರತಿ ಆಯುಧಪೂಜೆಗೂ ಬಾನೆಟ್ ಎತ್ತಿಸಿ, ಒಳಗಿನ ಹಿತ್ತಾಳೆಯೆಲ್ಲ ಹುಣಸೆಹಣ್ಣು ಉಪ್ಪು ಹಾಕಿ ತಿಕ್ತಿದ್ದೆ. ದೇವರ ದೀಪಕ್ಕಾದ್ರೂ ಒಂದು ಕೈ ಕಮ್ಮಿ, ಅದಕ್ಕೆ ಕಮ್ಮಿಯಿಲ್ಲ. ಒಂದ್ಸಲ ಇವ್ರು ಬಂದು ನೋಡಿ ಏನಂದ್ರು ಗೊತ್ತಾ? ನಿನ್ನ ಕೈ ತಾಗಿದ್ದಕ್ಕೇ ಇದಕ್ಕಿನ್ನೂ ಜೀವ ಇದೆ ಕಣೇ, ಅಂದ್ರು." ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಮದ್ವೆ ಆದಾಗಿಂದ ಆ ಮನುಷ್ಯ ನನ್ನ ಹೊಗಳಿದ್ದು ಅದೊಂದೇ ಸಲ, ಮಾರಾಯ್ತಿ."

ಆ ಹುಣಸೆಹಣ್ಣೇ ವೈರನ್ನು ತಿಂದಿದ್ದು ಅಂತ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಕರುಣೆ ಅಂತಲೂ ಅಲ್ಲ. ಲೋಟ ಕೆಳಗಿಟ್ಟು, ಕಾರು ಬೇಗ ಆಗುತ್ತೆ ಅಂತ ಹೇಳಿ ಎದ್ದೆ.

"ದಸರಾಕ್ಕೆ ಕಳಿಸ್ಬಿಡಿ," ಅಂದರು ಅವರು. "ಹುಣಸೆಹಣ್ಣು ಎತ್ತಿಟ್ಟಿದೀನಿ."

ಪೀರ್ ಬಾಷಾ ಕೊಳೆತ ವೈರನ್ನೆಲ್ಲ ಎಳೆದು ಹೊಸದು ಹಾಕಿದ. ಹೆಡ್‌ಲೈಟ್ ಗೋಡೆಯ ಮೇಲೆ ಬೆಳ್ಳಗೆ ಬಿತ್ತು. ಆಲ್ಕೊಳದ ತನಕ ಓಡಿಸಿಕೊಂಡು ಬಂದ, ಏನೂ ಆಗಲಿಲ್ಲ. ನಾನು ಇನ್‌ಲ್ಯಾಂಡ್ ಕಾಗದ ತಂದು ಕಪಾಟಿನ ಮೇಲಿಟ್ಟೆ. ದಿನಗಳು ಹೋದವು.

"ಅದು ಮೊಟ್ಟೆ ಇಡುತ್ತೆ ಅಂತ ಕಾಯ್ತಿದೀರಾ ಅಮ್ಮಾ?" ಅಂದಳು ನಸೀಬಾ.

ಅವಳಿಗೆ ಸಿಟ್ಟು ಬರುತ್ತಿತ್ತು, ಅದು ಒಳ್ಳೆಯದೇ. ನನಗೆ ಬರುತ್ತಿರಲಿಲ್ಲ. ಯಜಮಾನರಿಗೆ ಬರೆದರೆ ಮಗನ ಹೆಸರು ಚೊಕ್ಕಟವಾಗುತ್ತಿತ್ತು, ಆಯಮ್ಮನಿಗೆ ಸಿಕ್ಕಿದ್ದ ಒಂದು ಒಳ್ಳೆ ಮಾತೂ ಹೋಗುತ್ತಿತ್ತು. ಆ ಮಾತು ಇದ್ದ ಜಾಗದಲ್ಲಿ ಬೈಗಳು ಕೂರುತ್ತಿತ್ತು. ಬರೆಯದಿದ್ದರೆ ಹಯಾತ್ ಕಾರು ಸುಟ್ಟವನಾಗಿಯೇ ಉಳಿಯುತ್ತಿದ್ದ. ಅದೂ ಅಲ್ಲದೆ ದಸರಾದಲ್ಲಿ ಆಯಮ್ಮ ಮತ್ತೆ ತಿಕ್ಕುತ್ತಿದ್ದರು, ಇನ್ನೊಂದು ದಿನ ರಸ್ತೆಯ ಮಧ್ಯೆ ಮತ್ತೆ ಹೊಗೆ ಬರುತ್ತಿತ್ತು. ಆಗ ಪಕ್ಕದಲ್ಲಿ ಯಾರು ಕೂತಿರುತ್ತಾರೋ. ಅದೊಂದು ಮಾತ್ರ ಸುಮ್ಮನೆ ಬಿಡುವಂಥದ್ದಾಗಿರಲಿಲ್ಲ.

ನವರಾತ್ರಿಗೆ ಮುಂಚಿನ ವಾರ ಊಟದ ಪಾತ್ರೆ ತೊಳೆದಿಟ್ಟು ಬರೆಯಲು ಕೂತೆ. ಬ್ಯಾಟರಿ ಸರಿಯಾಗಿತ್ತು ಅಂತ ಬರೆದೆ. ಹುಳಿ ತಂತಿಯೊಳಗೆ ಇಳಿದು ಕಿಲುಬು ಕಟ್ಟಿತ್ತು ಅಂತ ಬರೆದೆ. ನನ್ನ ಮಗ ಟೆಸ್ಟ್ ಲ್ಯಾಂಪನ್ನು ನಂಬಿ ಒಳಗೆ ಬಿಚ್ಚಿ ನೋಡಲಿಲ್ಲ, ಅಷ್ಟು ಪಾಲು ಅವನದು ಅಂತಲೂ ಬರೆದೆ. ಇನ್ನು ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬೇರೇನೂ ಹಚ್ಚಬೇಡಿ. ಕಾರು ಓಡುತ್ತಿದೆ, ಯಾರನ್ನಾದರೂ ಕಳಿಸಿ. ಯಜಮಾನರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಮಡಿಸಿ ಅಂಟಿಸಿ ವಿಳಾಸ ಬರೆದೆ.

ನಸೀಬಾ ವಿಳಾಸ ನೋಡಿದಳು. "ಶಕುಂತಲಮ್ಮಂಗಾ? ದೂರು ಬರೆದಿದ್ದು ಅವರ ಯಜಮಾನ್ರು."

"ತಿಕ್ಕಿದ್ದು ಆಯಮ್ಮ."

"ಓದಿ ಒಲೆಗೆ ಹಾಕ್ಬಿಟ್ರೆ?"

"ಹಾಕಿದ್ರೆ ಹಾಕಿದಂಗೆ."

"ಹಯಾತ್ ಹೆಸರಿನ ಗತಿ?"

ಕಾಗದವನ್ನು ಕಪಾಟಿನ ಮೇಲಿಟ್ಟೆ. ಅವಳು ಮುಖ ತಿರುಗಿಸಿ ಒಳಗೆ ಹೋದಳು.

ಬೆಳಿಗ್ಗೆ ಬುರ್ಖಾ ಹಾಕಿಕೊಂಡು ರಸ್ತೆಯ ತಿರುವಿನ ಅಂಚೆಪೆಟ್ಟಿಗೆಯ ತನಕ ನಡೆದೆ. ಕಾಗದ ಒಳಗೆ ಬಿಟ್ಟೆ. ಬಿದ್ದ ಸದ್ದು ಕೇಳಲಿಲ್ಲ. ಪೆಟ್ಟಿಗೆಯ ಬಾಯಿಗೆ ಬೆರಳು ಹಾಕಿ ತಡವಿ ನೋಡಿದೆ. ಹೋಗಿತ್ತು.